ಎಲ್‌ಎಲ್‌ಆರ್ ಇದೆ, ಹತ್ಕೊಳ್ರೋ!

ಈಗಷ್ಟೇ ಕಂಡದ್ದು. ಪಿಯು ಕಾಲೇಜಿನ ಗೇಟಿಂದ ಒಂದು ಸ್ಕೂಟರ್ ಹೊರಬಿತ್ತು. ಮುಂದಿನ ಮಡ್‌ಗಾರ್ಡ್ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ‘ಎಲ್’. ಓಡಿಸೋನ ಬೆನ್ನಿಗೆ ಇನ್ನಿಬ್ಬರು. ಗೇಟಲ್ಲಿ ನಿಂತಿದ್ದ ಮೇಷ್ಟ್ರು “ಏನ್ರೋ ಇದು?” ಅಂದ್ರೆ, “ಎಲ್‌ಎಲ್‌ಆರ್ ಇದೆ ಸಾರ್!” ಅಂತ ಉತ್ತರ. ಮೇಷ್ಟ್ರು ಸಮಾಧಾನವಾಗಿ ಒಳಗೆ ಹೋದ್ರು. ನನ್ನ ಬಿಪಿ ಏರಿದ್ದು ಆಗ.

ನನ್ನ ಬಲ್ಲವರಿಗೆ ಇದು ಹಳೇ ಗೋಳು. ಇರಲಿ, ಇನ್ನೊಂದ್ಸಲ ಕೇಳಿ. ಎಲ್‌ಎಲ್‌ಆರ್ ಅಂದ್ರೆ ಗಾಡಿ ಕಲಿಯೋಕೆ ಕೊಡೋ ಕಾಗದ, ಚಿಕ್ಕ ಲೈಸೆನ್ಸ್ ಅಲ್ಲ. ಅದು ಲೈಸೆನ್ಸೇ ಇಲ್ಲದವನಿಗೆ ಕೊಟ್ಟ ರಿಯಾಯಿತಿ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಂ ಡಿಎಲ್ (ಪೂರ್ತಿ ಡ್ರೈವಿಂಗ್ ಲೈಸೆನ್ಸ್) ಇಲ್ಲದೆ ರಸ್ತೆಗೆ ಇಳೀಬೇಡ ಅನ್ನುತ್ತೆ. ಹಾಗಾದ್ರೆ ಕಲಿಯೋನು ಎಲ್ಲಿ ಕಲೀಬೇಕು? ಅದಕ್ಕೆ 1989ರ ಕೇಂದ್ರ ನಿಯಮಗಳ 3ನೇ ನಿಯಮ, ಮೂರು ಷರತ್ತಿನ ಮೇಲೆ ಆ ಕಲಂನಿಂದ ವಿನಾಯಿತಿ ಕೊಡುತ್ತೆ. ಚಾಲ್ತಿಯಲ್ಲಿರೋ ಎಲ್‌ಎಲ್‌ಆರ್ ಇರಬೇಕು. ಆ ಗಾಡಿಯ ಡಿಎಲ್ ಇರುವ ಒಬ್ಬರು ಕಲಿಸೋಕೆ ಜೊತೆಗಿದ್ದು, ಗಾಡಿಯನ್ನ ಹಿಡಿತಕ್ಕೆ ತರೋಕೆ ಅಥವಾ ನಿಲ್ಲಿಸೋಕೆ ಆಗುವಂಥ ಜಾಗದಲ್ಲಿ ಕೂತಿರಬೇಕು. ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು. ಇದರಲ್ಲಿ ಒಂದು ತಪ್ಪಿದ್ರೂ ವಿನಾಯಿತಿ ಹೋಯ್ತು, ನೀವು ಲೈಸೆನ್ಸ್ ಇಲ್ಲದೆ ಓಡಿಸ್ತಿದ್ದೀರಿ ಅಂತಲೇ ಲೆಕ್ಕ. ಕಾಯ್ದೆಯ 181ನೇ ಕಲಂ ಪ್ರಕಾರ ಅದಕ್ಕೆ 5,000 ದಂಡ, ಇಲ್ಲ ಮೂರು ತಿಂಗಳವರೆಗೆ ಜೈಲು, ಇಲ್ಲ ಎರಡೂ.

ಆ ಬೋರ್ಡಿಗೂ ಅಳತೆ ಇದೆ ಸ್ವಾಮಿ. ಬಿಳಿ ಹಿನ್ನೆಲೆ ಕನಿಷ್ಠ 18 ಸೆಂ.ಮೀ. ಚೌಕ. ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಹಿಂದಿನ ಬಸ್ ಡ್ರೈವರ್‌ಗೆ ದೂರದಿಂದಲೇ ಕಾಣಲಿ, ಒಂದು ಮಾರು ಹಿಂದೆ ಉಳೀಲಿ ಅಂತ. ದೃಷ್ಟಿಬೊಟ್ಟು ಇಡೋಕಲ್ಲ. (ಒಪ್ಕೊಳ್ತೀನಿ, ಬೋರ್ಡ್ ಹಚ್ಚದೆ ಕಲಿತವರ ಪಟ್ಟಿ ಮಾಡಿದ್ರೆ ನನ್ನ ಹೆಸರೂ ಅದರಲ್ಲಿ ಬರುತ್ತೆ.)

ಬೈಕು, ಸ್ಕೂಟರಿಗೆ ಅದೇ ನಿಯಮ ಬಿಡಿಸಿ ಹೇಳುತ್ತೆ: ಕಲಿಸೋನನ್ನ ಬಿಟ್ಟು ಬೇರೆ ಯಾರನ್ನೂ ಕೂರಿಸ್ಕೊಳ್ಳಬಾರದು. ತಂಗಿ ಇಲ್ಲ, ಅಜ್ಜಿ ಇಲ್ಲ, ಪಕ್ಕದ ಬೆಂಚಿನ ಗೆಳೆಯ ಇಲ್ಲ. ಆ ಗೆಳೆಯನ ಹತ್ತಿರಾನೂ ಎಲ್‌ಎಲ್‌ಆರ್ ಇದ್ರೆ ಏನೂ ಪ್ರಯೋಜನವಿಲ್ಲ, ಕುರುಡನ ಕೈ ಕುರುಡ ಹಿಡಿದ ಹಾಗೆ. ಕಲಿಸೋರ ಡಿಎಲ್‌ನಲ್ಲಿ ಯಾವ ವರ್ಗ ಇದೆ ಅಂತಲೂ ನೋಡ್ಬೇಕು. ಅಪ್ಪನಿಗೆ ಗೇರಿಲ್ಲದ ಸ್ಕೂಟರಿನ ಲೈಸೆನ್ಸ್ ಮಾತ್ರ ಇದ್ರೆ ಮಗನಿಗೆ ಗೇರ್ ಬೈಕ್ ಕಲಿಸೋ ಹಾಗಿಲ್ಲ. ಬೈಕಿನ ಡಿಎಲ್ ಮಾತ್ರ ಇರೋ ಮಾವ ಕಾರಲ್ಲಿ ಪಕ್ಕಕ್ಕೆ ಕೂತ್ರೆ, ಕಾನೂನಿನ ಕಣ್ಣಿಗೆ ಆ ಸೀಟು ಖಾಲಿ.

ಕಾರಲ್ಲಿ ಇನ್ನೊಂದು ನಾಟಕ. ಡಿಎಲ್ ಇರೋ ಅಪ್ಪ ಆರಾಮಾಗಿ ಹಿಂದಿನ ಸೀಟಲ್ಲಿ, ಎಲ್‌ಎಲ್‌ಆರ್ ಮಗಳು ಸ್ಟೀರಿಂಗ್ ಮುಂದೆ, ಅಮ್ಮ ಪಕ್ಕದಲ್ಲಿ ದೇವರ ನಾಮ ಹೇಳ್ತಾ. ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಕಲಿಸೋರ ಕಾಲ ಕೆಳಗೂ ಬ್ರೇಕು, ಕ್ಲಚ್ಚು ಇರುತ್ತೆ. ಮನೆ ಕಾರಲ್ಲಿ ಅವರ ಕೈಗೆ ಸಿಗೋದು ಹ್ಯಾಂಡ್‌ಬ್ರೇಕ್ ಒಂದೇ. ಅದೂ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನ ಮಾತ್ರ ಹಿಡಿಯುತ್ತೆ, ಗಾಡಿ ನಿಲ್ಲೋಕೆ ಹೆಚ್ಚು ದೂರ ಬೇಕು. ಗಟ್ಟಿಯಾಗಿ ಎಳೆದ್ರೆ ಹಿಂಭಾಗ ಜಾರುತ್ತೆ, ಅದಕ್ಕೇ ಅದರ ತುದಿಯ ಗುಂಡಿ ಒತ್ತಿಟ್ಟು ಸ್ವಲ್ಪಸ್ವಲ್ಪವಾಗಿ ಎಳೀಬೇಕು. ಹಿಂದಿನ ಸೀಟಿಂದ ಇದನ್ನ ಯಾವ ಅಪ್ಪ ಮಾಡ್ತಾನೆ?

ಸ್ಕೂಟರಿನ ತೂಕ ಸುಮಾರು 105–110 ಕೆ.ಜಿ. ಮೇಲೆ ಮೂರು ಜನ ಸೇರಿದ್ರೆ 170–180. ಗಾಡಿಗಿಂತ ಹೊರೆಯೇ ಭಾರ. ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ಹಗುರಾಗುತ್ತೆ, ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ತೂರಾಡುತ್ತೆ. ಕಲಿಯೋನು ಹೆದರಿ ಬ್ರೇಕ್ ಬದಲು ಕಾಲು ಊರ್ತಾನೆ. ಆಮೇಲೆ ಮೂರೂ ಜನ ನೆಲಕ್ಕೆ.

“ಬೈಕಲ್ಲಿ ಹಿಂದೆ ಕೂತವನು ಬ್ರೇಕ್ ಹಿಡಿಯೋಕಾಗುತ್ತಾ? ನಿಯಮವೇ ತಮಾಷೆ” ಅಂತ ಈಗಾಗಲೇ ಒಬ್ಬರು ಕಾಮೆಂಟ್ ಟೈಪ್ ಮಾಡ್ತಿರ್ತೀರಿ, ಗೊತ್ತು. ಮಾತು ಅರ್ಧ ಸರಿ. ಕಾರಿಗೆ ಹೊಲಿದ ಅಂಗಿಯನ್ನ ಬೈಕಿಗೆ ತೊಡಿಸಿದ್ದಾರೆ. ಆದ್ರೆ ಅದರಿಂದ ಬರೋ ತೀರ್ಮಾನ ‘ಇಬ್ಬರನ್ನ ಕೂರಿಸ್ಕೋ’ ಅಂತಲ್ಲ, ‘ಕಲಿಸೋರನ್ನ ಬಿಟ್ಟು ಯಾರನ್ನೂ ಕೂರಿಸ್ಕೋಬೇಡ’ ಅಂತ. ಅಂಗಿ ಬಿಗಿಯಾಯ್ತು ಅಂತ ಬೆತ್ತಲೆ ಓಡಾಡ್ತಾರಾ?

ಇನ್ನು ಆ ಹುಡುಗನ ವಯಸ್ಸು. ಫಸ್ಟ್ ಪಿಯು ಅಂದ್ರೆ 16. ಪೋಷಕರ ಒಪ್ಪಿಗೆ ಸಹಿ ಇದ್ರೆ ಆ ವಯಸ್ಸಿಗೂ ಎಲ್‌ಎಲ್‌ಆರ್ ಸಿಗುತ್ತೆ. ಆದ್ರೆ 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ಈಗ ಶೋರೂಮಲ್ಲಿ ನಿಂತಿರೋ ಪೆಟ್ರೋಲ್ ಸ್ಕೂಟರುಗಳು ಬಹುತೇಕ 110, 125 ಸಿಸಿ. ಅದಕ್ಕೆ 18 ತುಂಬಿರಬೇಕು. ಆ ಕಾಗದ ಹಿಡಿದು 110 ಸಿಸಿ ಓಡಿಸಿದ್ರೆ 199ಎ ಕಲಂ ಅಪ್ಪನನ್ನೋ ಗಾಡಿ ಮಾಲೀಕನನ್ನೋ ಹಿಡಿಯುತ್ತೆ: ಮೂರು ವರ್ಷದವರೆಗೆ ಜೈಲು, 25,000 ದಂಡ, 12 ತಿಂಗಳು ನೋಂದಣಿ ರದ್ದು. ಹುಡುಗನಿಗೆ 25 ತುಂಬೋವರೆಗೂ ಮತ್ತೆ ಎಲ್‌ಎಲ್‌ಆರ್ ಇಲ್ಲ.

ದಂಡ ಬಿಡಿ, ಕಟ್ಟಿ ಮರೀತೀರಿ. ಇನ್ಶೂರೆನ್ಸ್ ಮರೆಯೋಕೆ ಬಿಡಲ್ಲ. ಎಲ್‌ಎಲ್‌ಆರ್ ಇದ್ದವರಿಗೂ ಪಾಲಿಸಿ ಅನ್ವಯಿಸುತ್ತೆ, ನಿಜ. ಆದ್ರೆ ಡ್ರೈವರ್ ಬಗ್ಗೆ ಇರೋ ಷರತ್ತನ್ನ ಓದಿ, 3ನೇ ನಿಯಮ ಪಾಲಿಸಿರಬೇಕು ಅಂತಲೇ ಬರೆದಿರುತ್ತೆ. ಮುರಿದ್ರೆ ನಿಮ್ಮ ಗಾಡಿ ರಿಪೇರಿ ಕ್ಲೇಮು ಕೈಬಿಟ್ಟ ಹಾಗೆ. ಗುದ್ದಿಸಿಕೊಂಡವರಿಗೆ ಕಂಪನಿ ಮೊದಲು ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿಗೆ ಬರುತ್ತೆ. ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಗಟ್ಟಿ ಮಾಡಿದ ದಾರಿ ಅದು. ಇನ್ನು ಹಿಂದೆ ಕೂತವರ ಗತಿ? ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಪುಕ್ಕಟೆ ಹಿಂಬದಿ ಸವಾರ ಬರೋದೇ ಇಲ್ಲ. 2006ರ ತಿಲಕ್ ಸಿಂಗ್ ತೀರ್ಪು ಹೇಳಿದ್ದು ಇದನ್ನೇ. ಪ್ಯಾಕೇಜ್ (ಎಲ್ಲಾ ಸೇರಿದ, ಕಾಂಪ್ರಹೆನ್ಸಿವ್) ಪಾಲಿಸಿ ಇದ್ರೆ ಮಾತ್ರ ಅವನಿಗೆ ರಕ್ಷಣೆ. ಹಳೇ ಸ್ಕೂಟರಿಗೆ ಪ್ಯಾಕೇಜ್ ಮಾಡ್ಸೋ ಪುಣ್ಯಾತ್ಮರು ಎಷ್ಟು ಜನ?

“2024ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಸಡಿಲ ಮಾಡ್ತಲ್ಲ” ಅನ್ನೋ ವಾಟ್ಸಾಪ್ ಪಂಡಿತರಿಗೆ: ಆ ನವೆಂಬರ್ 6ರ ತೀರ್ಪು, ಎಲ್‌ಎಂವಿ (ಕಾರಿನಂಥ ಲಘು ವಾಹನದ) ಡಿಎಲ್ ಇರೋರು 7,500 ಕೆ.ಜಿ. ಒಳಗಿನ ಯೆಲ್ಲೋ ಬೋರ್ಡ್ (ಬಾಡಿಗೆ) ಗಾಡಿ ಓಡಿಸೋಕೆ ಡಿಎಲ್ ಮೇಲೆ ಬೇರೆ ಎಂಡಾರ್ಸ್‌ಮೆಂಟ್ ಬೇಡ ಅಂದಿದ್ದು. ವೈಟ್ ಬೋರ್ಡಲ್ಲಿ ಬಾಡಿಗೆ ಹೊಡೆಯೋಕೆ ಅದು ಪರ್ಮಿಟ್ ಅಲ್ಲ. ಎಲ್‌ಎಲ್‌ಆರ್‌ಗಂತೂ ಸಂಬಂಧವೇ ಇಲ್ಲ.

ಅಷ್ಟಕ್ಕೂ ಕಾಯಬೇಕಾದ್ದೆಷ್ಟು? ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಒಂದು ತಿಂಗಳು ಗೆಳೆಯರನ್ನ ಕೂರಿಸ್ಕೊಳ್ಳದೆ ಇದ್ರೆ ಯಾವ ಗಂಟು ಹೋಗುತ್ತೆ? ಟ್ರ್ಯಾಕಲ್ಲಿ ಕಾಲು ಊರದೆ ಎಂಟು ಹಾಕಿ ಡಿಎಲ್ ತಗೊಂಡ ಮೇಲೆ ಒಬ್ಬನನ್ನ ಕೂರಿಸ್ಕೋ ಮಗನೇ. ಸರಿಯಾದ ಸೀಟು, ಹಿಡಿ, ಫುಟ್‌ರೆಸ್ಟು, ಅವನ ತಲೆಗೂ ಹೆಲ್ಮೆಟ್ಟು. ಮೂರನೆಯವನ ಹತ್ತಿರ ಬಸ್ ಪಾಸ್ ಇದೆ.