ಏಳರ ಕಾಟ

ಐಟಿ ಸಪೋರ್ಟ್ ಕೆಲಸಕ್ಕೆ ಸೇರಿದ ಮೇಲೆ ನಾನು ಅತಿ ಹೆಚ್ಚು ಸಲ ಆಡಿದ ಮಾತು 'ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ'. ಎರಡನೆಯ ಸ್ಥಾನ 'ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ' ಎಂಬುದಕ್ಕೆ. ನಮ್ಮಲ್ಲಿ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು. ಎಲ್ಲರಿಗೂ ಅದು ನೆನಪಾಗುವುದು 91ನೆಯ ದಿನ ಬೆಳಿಗ್ಗೆ, ಮುಖ್ಯವಾದ ಸಭೆಗೆ ಐದು ನಿಮಿಷ ಇರುವಾಗ. ಅವಧಿ ಮುಗಿಯಲು 7 ದಿನಕ್ಕಿಂತ ಕಡಿಮೆ ಉಳಿದವರಿಗೆ ತಾನಾಗಿಯೇ ಮೇಲ್ ಹೋಗುವಂತೆ ಮಾಡಿದರೆ ಎಲ್ಲರಿಗೂ ನೆಮ್ಮದಿ ಎಂದುಕೊಂಡು, ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುವ ಮೈಕ್ರೋಸಾಫ್ಟ್‌ನ ಪವರ್‌ಶೆಲ್ ಕಲಿಯಲು ಕುಳಿತೆ.

ಮೊದಲ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಬರೆದಿಟ್ಟ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಓಡಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಂಡು, 'ಬರೆದದ್ದನ್ನು ಮೊದಲು ನೀನೇ ಓದು' ಎಂಬಂತೆ ನನ್ನನ್ನು ನೋಡಿತು. ಪವರ್‌ಶೆಲ್ ಒಳಗಿನಿಂದಲೇ ಓಡಿಸಿದಾಗ, ಈ ಯಂತ್ರದಲ್ಲಿ ಸ್ಕ್ರಿಪ್ಟ್‌ಗಳಿಗೆ ಅನುಮತಿ ಇಲ್ಲವೆಂದಿತು. ಅನುಮತಿ ಕೊಡಬೇಕಾದ ವಿಭಾಗ ನಮ್ಮದೇ. ನಿಯಮದಂತೆ ಒಂದು ಟಿಕೆಟ್, ಅಂದರೆ ನಮ್ಮ ವಿಭಾಗಕ್ಕೆ ದಾಖಲಿಸುವ ಕೋರಿಕೆ, ಹಾಕಿದೆ. ಅದು ನನ್ನ ಹೆಸರಿಗೇ ಬಂತು.

ನಿಜವಾದ ಕಾಟ ಶುರುವಾದದ್ದು ಅನಂತರ. ಒಂದನೆಯ ತರಗತಿಯಲ್ಲಿ ಕಲಿತ 'ಚಿಕ್ಕದು' ಚಿಹ್ನೆ ಹಾಕಿ, ಉಳಿದ ದಿನ 7ಕ್ಕಿಂತ ಚಿಕ್ಕದಾದರೆ ಮೇಲ್ ಕಳಿಸು ಎಂದು ಬರೆದೆ. ಕೆಂಪಕ್ಷರದಲ್ಲಿ ಉತ್ತರ ಬಂತು: ಈ ಚಿಹ್ನೆಯನ್ನು ಭವಿಷ್ಯದ ಬಳಕೆಗೆ ಕಾಯ್ದಿರಿಸಲಾಗಿದೆ. ಪವರ್‌ಶೆಲ್‌ನ ಮೊದಲ ಆವೃತ್ತಿ ಬಂದದ್ದು 2006ರಲ್ಲಿ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಇಳಿದುಹೋದ ಆ ಭವಿಷ್ಯ ಇನ್ನೂ ಹಿಂತಿರುಗಿಲ್ಲ.

ನಾನೂ ಬಿಡುವವನಲ್ಲ. ವಾಕ್ಯವನ್ನು ತಿರುಗಿಸಿ, 7 ಎಂಬುದು ಉಳಿದ ದಿನಕ್ಕಿಂತ ದೊಡ್ಡದಾದರೆ ಎಂದು ಬರೆದೆ. ಬೈಗುಳ ಬರಲಿಲ್ಲ. ಮೇಲ್ ಕೂಡ ಹೋಗಲಿಲ್ಲ. ಬದಲಿಗೆ ಫೋಲ್ಡರಿನ ತುಂಬ ವಿಚಿತ್ರ ಫೈಲುಗಳು ಹುಟ್ಟಿಕೊಂಡವು. ಅವುಗಳ ಹೆಸರು 12, 45, 83; ಒಂದಕ್ಕಂತೂ -3. ಯಾವುದನ್ನು ತೆರೆದರೂ ಒಳಗೆ ಒಂದೇ ಒಂದು ಅಂಕಿ: 7. ಅಳಿಸಿ ಮತ್ತೆ ಓಡಿಸಿದರೆ ಮತ್ತೆ ಹಾಜರು. ವೈರಸ್ಸೇ ಇರಬೇಕೆಂದು ಇಡೀ ಯಂತ್ರವನ್ನು ಎರಡು ಗಂಟೆ ಸ್ಕ್ಯಾನ್ ಮಾಡಿಸಿದೆ. ಯಂತ್ರ ಆರೋಗ್ಯವಾಗಿತ್ತು. ಕೊನೆಗೆ, ಯಾರಿಗೂ ಹೇಳದೆ, ರೀಸ್ಟಾರ್ಟ್ ಮಾಡಿ ನೋಡಿದೆ.

ಈ ಚಿಕ್ಕದು ದೊಡ್ಡದರ ಸಹವಾಸವೇ ಬೇಡ, ಸರಿಯಾಗಿ 7 ದಿನ ಉಳಿದವರಿಗೆ ಮಾತ್ರ ಕಳಿಸಿದರೆ ಸಾಕು ಎಂದು ಸಮ ಚಿಹ್ನೆಯ ಮೊರೆಹೊಕ್ಕೆ. ಅದು ಪಾಪದ ಚಿಹ್ನೆ, ಯಾರ ತಂಟೆಗೂ ಹೋಗುವುದಿಲ್ಲ ಎಂಬ ನಂಬಿಕೆ ನನಗಿತ್ತು. ಸ್ಕ್ರಿಪ್ಟ್ ಬೆಣ್ಣೆಯಂತೆ ಓಡಿತು. ಎದ್ದು ಮೈಮುರಿದು ಕುರ್ಚಿಗೆ ಒರಗುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ನಿನ್ನೆ ತಾನೇ ಪಾಸ್‌ವರ್ಡ್ ಬದಲಾಯಿಸಿದ್ದೇನೆ, 7 ದಿನದಲ್ಲಿ ಮುಗಿಯುತ್ತದೆಯೆಂದು ಮೇಲ್ ಬಂದಿದೆಯಲ್ಲ?"

ಅಭ್ಯಾಸಬಲದಿಂದ ರೀಸ್ಟಾರ್ಟ್ ಮಾಡಲು ಹೇಳಿದೆ. ಎರಡನೆಯ ಫೋನ್, ಮೂರನೆಯದು, ಆಮೇಲೆ ಎಲ್ಲ ಮೇಜುಗಳ ಫೋನುಗಳೂ ಒಟ್ಟಿಗೆ. ಮೇಲ್ ಇಡೀ ಕಚೇರಿಗೆ ಹೋಗಿತ್ತು.

ಪಕ್ಕದ ಹಿರಿಯ ಸಹೋದ್ಯೋಗಿ ನನ್ನ ಪರದೆಯನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಿ ಸಮ ಚಿಹ್ನೆ ಪ್ರಶ್ನೆ ಕೇಳುವುದಿಲ್ಲ, ಆಜ್ಞೆ ಮಾಡುತ್ತದೆ. ದಿನ 7 ಇದೆಯೇ ಎಂದು ನೀವು ಕೇಳಲಿಲ್ಲ, 7 ಆಗು ಎಂದಿರಿ. ಪ್ರತಿಯೊಬ್ಬರದೂ 7 ಆಯಿತು." ದೊಡ್ಡದು ಚಿಹ್ನೆಯ ಕತೆಯೂ ಆಗಲೇ ತಿಳಿಯಿತು: ಎಡಗಡೆ ಇರುವುದನ್ನು ಬಲಗಡೆಯ ಹೆಸರಿನ ಫೈಲಿಗೆ ಸುರಿಯುವುದು ಅದರ ಕೆಲಸ, ಯುನಿಕ್ಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಆಜ್ಞೆ ಬರೆಯುವ ಶೆಲ್‌ಗಳಲ್ಲಿಯೂ ಹಾಗೆಯೇ. ನಾನು ವೈರಸ್ ಎಂದು ಹೆದರಿದ್ದು ಸಹೋದ್ಯೋಗಿಗಳ ಉಳಿದ ದಿನಗಳಿಗೆ. -3 ಎಂಬ ಫೈಲು, ಪಾಸ್‌ವರ್ಡ್ ಮುಗಿದು ಮೂರು ದಿನವಾದರೂ ನಮಗೆ ಫೋನ್ ಮಾಡದ ಯಾರೋ ಪುಣ್ಯಾತ್ಮರದು. ಹೋಲಿಸಬೇಕಾದರೆ ಚಿಕ್ಕದು, ದೊಡ್ಡದು, ಸಮ ಎಂಬುದಕ್ಕೆ ಕ್ರಮವಾಗಿ ಅಡ್ಡಗೆರೆ ಹಾಕಿ 'ಎಲ್‌ಟಿ', 'ಜಿಟಿ', 'ಈಕ್ಯೂ' ಎಂದು ಅಕ್ಷರಗಳಲ್ಲಿ ಬರೆಯಬೇಕಂತೆ.

ಅಂದು ಸಂಜೆಯವರೆಗೆ 64 ಕರೆಗಳಿಗೆ ಉತ್ತರಿಸಿ, 64 ಟಿಕೆಟ್ ಬರೆದು ಮುಚ್ಚಿದೆ. ತಿಂಗಳ ವರದಿ ಬಂದಾಗ, ಅತಿ ಹೆಚ್ಚು ಟಿಕೆಟ್ ಬಗೆಹರಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಟಿಕೆಟ್ ಯಾರಿಂದ ಹುಟ್ಟಿತು ಎಂಬ ಕಾಲಂ ಆ ವರದಿಯಲ್ಲಿ ಇಲ್ಲ.

"ಅದನ್ನು ಸೇರಿಸಲು ಒಂದು ಸ್ಕ್ರಿಪ್ಟ್ ಬರೆಯುತ್ತೀರಾ?" ಎಂದು ಹಿರಿಯರು ಮೆಲ್ಲನೆ ಕೇಳಿದರು.