ನಿಶಾನೆಗೆ ನೀರು ಹಾರಿತಾ, ಇಲ್ವಾ?

ಯಾವ ತಳಿಯ ಗೇಟೆಡ್ ಕುದುರೆಯಾದರೂ (ಅಂದರೆ ಸವಾರನನ್ನು ಎಗರಿಸದೆ ನಯವಾಗಿ ಸಾಗುವ ಕುದುರೆ) ಸರಿ, ತನ್ನಿ ಅಂತ ಪೋಸ್ಟರ್ ಹಾಕುವುದು ಸುಲಭ. ಬಂದ ಕುದುರೆಗಳನ್ನು ಯಾವ ಯಾವ ಕ್ಲಾಸಿಗೆ, ಅಂದರೆ ಸ್ಪರ್ಧೆಯ ವಿಭಾಗಕ್ಕೆ, ಹಂಚುವುದು ಅನ್ನುವಾಗಲೇ ತಲೆನೋವು ಶುರು. ನಾನಿರುವ ಅಮೆರಿಕದ ಟೆನೆಸ್ಸೀಯಲ್ಲಿ ಬೇಸಿಗೆ ಬಂತೆಂದರೆ ಊರೂರಿನ ಕುದುರೆ ಸವಾರರ ಸ್ಯಾಡಲ್ ಕ್ಲಬ್‌ಗಳು ಇಂಥ ಫನ್ ಶೋ ನಡೆಸುತ್ತವೆ. ದೊಡ್ಡ ಬಹುಮಾನವಿಲ್ಲ, ಸೂಟುಬೂಟಿಲ್ಲ. ಜೀನ್ಸ್ ಹಾಕಿಕೊಂಡು ಬಂದು, ಒಂದೆರಡು ಕ್ಲಾಸಿನಲ್ಲಿ ಕುದುರೆ ಓಡಿಸಿ, ಹಾಟ್ ಡಾಗ್ ತಿಂದು ಮನೆಗೆ ಹೋಗುವುದು. ನಮ್ಮ ಕ್ಲಬ್ಬಿನಲ್ಲಿ ಕ್ಲಾಸ್ ಪಟ್ಟಿ ಮಾಡುವವರಲ್ಲಿ ನಾನೂ ಒಬ್ಬ. ಮೂಡುಬಿದಿರೆಯ ಕಂಬಳ ನೋಡಿ ಬೆಳೆದವನಿಗೆ ಇಲ್ಲಿಯ ಕುದುರೆಗಳ ಬಗ್ಗೆ ಏನು ಗೊತ್ತು ಅಂತ ಕೇಳುವವರಿದ್ದಾರೆ. ಕುದುರೆ ಇಲ್ಲಿಗೆ ಬಂದಮೇಲೆ ಕಲಿತದ್ದು, ನಿಜ. ಆದರೆ ಸ್ಪರ್ಧೆ ನಡೆಸುವುದು ಹೇಗೆ ಅನ್ನುವುದಕ್ಕೆ ನನಗೆ ಕಂಬಳವೇ ಮಾದರಿ.

ಸಾಮಾನ್ಯ ಕುದುರೆ ನಡಿಗೆ ಬಿಟ್ಟು ವೇಗ ಹಿಡಿದರೆ ಅದು ಟ್ರಾಟ್. ಮುಂದಿನ ಎಡಗಾಲೂ ಹಿಂದಿನ ಬಲಗಾಲೂ ಒಟ್ಟಿಗೆ ಬೀಳುತ್ತವೆ, ಮೇಲೆ ಕೂತವರ ಸೊಂಟ ಎಗರುತ್ತದೆ. ಗೇಟೆಡ್ ಕುದುರೆ ವೇಗದಲ್ಲೂ ನಾಲ್ಕು ಕಾಲನ್ನು ಒಂದರ ಹಿಂದೆ ಒಂದರಂತೆ ಇಡುತ್ತದೆ. ಎಗರಾಟವಿಲ್ಲ. ಇದು ಕಲಿಸಿ ಬರುವುದಕ್ಕಿಂತ ಹುಟ್ಟಿನಿಂದ ಬರುವುದೇ ಜಾಸ್ತಿ. ಇದರ ಹಿಂದಿರುವ ಡಿಎಂಆರ್‌ಟಿ3 ಅನ್ನುವ ಜೀನಿನ ವ್ಯತ್ಯಾಸವನ್ನು ಸ್ವೀಡನ್ನಿನ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದ ಮಾರ್ವಾಡಿ ಕುದುರೆಗಳಲ್ಲೂ ಕೆಲವಕ್ಕೆ ರೇವಾಲ್ ಅನ್ನುವ ಇಂಥದೇ ನಡಿಗೆ ಇದೆ. ಹಾಗಾಗಿ ‘ವಾಕ್-ಟ್ರಾಟ್’ ಅಂತ ಬರೆದ ಕ್ಲಾಸಿಗೆ ಈ ಕುದುರೆಗಳನ್ನು ಕರೆದರೆ ಕರೆದವರದೇ ತಪ್ಪು. ಅವುಗಳಲ್ಲಿ ಹೆಚ್ಚಿನವು ಟ್ರಾಟ್ ಮಾಡುವುದೇ ಇಲ್ಲವಲ್ಲ! ‘ನಿಧಾನ ನಡಿಗೆ ಮತ್ತು ಕುದುರೆಯ ಸ್ವಂತ ನಡಿಗೆ’ ಅಂತ ಬರೆದರೆ ಮುಗಿಯಿತು.

ಅಸಲು ತೊಂದರೆ ಆಮೇಲೆ ಬರುವುದು. ಟೆನೆಸ್ಸೀ ವಾಕಿಂಗ್ ಕುದುರೆ ತಲೆಯಾಡಿಸುತ್ತಾ ಉದ್ದುದ್ದ ಹೆಜ್ಜೆ ಹಾಕುತ್ತದೆ. ಮುಂಗಾಲಿನ ಗುರುತು ದಾಟಿ ಒಂದಡಿ ಮುಂದೆ ಹಿಂಗಾಲು ಬೀಳುವುದೂ ಉಂಟು. ಪಾಸೊ ಫೀನೊ ಇದಕ್ಕೆ ಪೂರ್ತಿ ಉಲ್ಟಾ. ಕಾಲು ಪಟಪಟ ಆಡುತ್ತಲೇ ಇರುತ್ತವೆ, ಕುದುರೆ ಮಾತ್ರ ಅಂಗುಲ ಅಂಗುಲವಾಗಿ ಸಾಗುತ್ತದೆ. ಪೆರುವಿಯನ್ ಪಾಸೊ ಮುಂಗಾಲನ್ನು ಈಜುವವರ ಕೈಯ ಹಾಗೆ ಹೊರಕ್ಕೆ ಬೀಸುತ್ತದೆ. ಮಿಸೌರಿ ಫಾಕ್ಸ್ ಟ್ರಾಟರ್ ಮುಂಗಾಲಿನಲ್ಲಿ ನಡೆಯುತ್ತದೆ, ಹಿಂಗಾಲಿನಲ್ಲಿ ಟ್ರಾಟ್ ಮಾಡುತ್ತದೆ ಅಂತ ಇಲ್ಲಿ ಹೇಳುವ ರೂಢಿ. ಇವುಗಳ ನಡುವೆ ಐಸ್‌ಲ್ಯಾಂಡಿನ ಗಿಡ್ಡ ಕುದುರೆಯೊಂದು ಟೋಲ್ಟ್ ಅನ್ನುವ ತನ್ನ ನಡಿಗೆ ಹಾಕುತ್ತಾ ಬಂದರೆ ಇನ್ನೂ ಚೆಂದ. ಇಷ್ಟನ್ನೂ ಒಂದೇ ರಿಂಗಿನಲ್ಲಿ ಬೇಲಿಗುಂಟ ಸುತ್ತಿಸಿ, ನಡುವೆ ನಿಂತ ಒಬ್ಬ ಜಡ್ಜ್ ‘ಇದು ಮೊದಲು, ಇದು ಎರಡನೆಯದು’ ಅಂದರೆ ಏನರ್ಥ? ನಮ್ಮ ಕಡೆಗೆ ಬರುವ ಜಡ್ಜ್‌ಗಳಿಗೆ ವಾಕಿಂಗ್ ಕುದುರೆ ನೋಡಿಯೇ ಅಭ್ಯಾಸ. ಪಾಸೊ ಫೀನೊ ಎಷ್ಟು ಚೆನ್ನಾಗಿ ನಡೆದರೂ ಅವರ ಕಣ್ಣಿಗೆ ಅದು ಹಿಂಜರಿಯುವ ಕುದುರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹಾಗೆ ಕೇಳಿದ ನಮ್ಮ ಕ್ಲಾಸೇ ಸರಿಯಿಲ್ಲ.

ಕಂಬಳದಲ್ಲಿ ವಿಭಾಗಗಳು ಆರು. ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡ ಹಲಗೆ, ಕನೆ ಹಲಗೆ. ಕೋಣದ ಹಿಂದೆ ಏನು ಕಟ್ಟಿದೆ, ಕೋಣ ಎಳೆಯದೋ ಪಳಗಿದ್ದೋ, ಅಷ್ಟೇ ಲೆಕ್ಕ. ಎರಡು ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಎರಡು ಜೋಡಿ ಓಡುತ್ತವೆ, ಓಟ ಮುಗಿಯುವ ಮಂಜೊಟ್ಟಿಗೆ ಮೊದಲು ಮುಟ್ಟಿದ್ದು ಗೆದ್ದಿತು. ಈಗಂತೂ ಲೇಸರ್ ಬಂದು ಕೂದಲೆಳೆಯ ಅಂತರವನ್ನೂ ಹೇಳುತ್ತದೆ. ಕನೆ ಹಲಗೆ ಇನ್ನೂ ಚೆಂದ. ಅಲ್ಲಿ ಯಾರು ಮೊದಲು ಅನ್ನುವ ಮಾತೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಕೋಲು ಅನ್ನುವ ಹಳೆಯ ಅಳತೆಯಲ್ಲಿ 6.5 ಕೋಲು, 7.5 ಕೋಲು ಅಂತ ಎತ್ತರ. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಗದ್ದೆಯಂಚಿನಲ್ಲಿ ಚುರುಮುರಿ ತಿನ್ನುತ್ತಾ ನಿಂತ ಹುಡುಗನಿಗೂ ಕಾಣುತ್ತದೆ. ಆಮೇಲೆ ಜಗಳವಿಲ್ಲ ಅಂತೇನಲ್ಲ, ಕಂಬಳದಲ್ಲಿ ಜಗಳಕ್ಕೆ ಬರವೇ? ಆದರೆ ಜಗಳ ಕಂಡದ್ದರ ಬಗ್ಗೆ ಇರುತ್ತದೆ, ಯಾರದೋ ಮನಸ್ಸಿಗೆ ಅನಿಸಿದ್ದರ ಬಗ್ಗೆ ಅಲ್ಲ.

ತಳಿ ಬೆರೆತ ಶೋಗೆ ಬೇಕಾದದ್ದು ಇಂಥ ನಿಶಾನೆಗಳೇ ಅನ್ನುವುದು ನನ್ನ ವಾದ. ಹುಡುಕಿದರೆ ಕುದುರೆ ಲೋಕದಲ್ಲೂ ಇವೆ. ನೀರಿನ ಲೋಟದ ಕ್ಲಾಸ್ ಇದೆಯಲ್ಲ, ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಗೆರೆ ತನಕ ನೀರು ತುಂಬಿದ ಲೋಟ. ನಿಧಾನ ನಡಿಗೆ, ಆಮೇಲೆ ಸ್ವಂತ ನಡಿಗೆ, ತಿರುಗಿ ಇನ್ನೊಂದು ದಿಕ್ಕಿಗೆ, ಕೊನೆಗೆ ಗಕ್ಕನೆ ನಿಲ್ಲಬೇಕು. ಉಳಿದ ನೀರನ್ನು ಎಲ್ಲರೆದುರು ಅಳತೆ ಜಗ್ಗಿಗೆ ಸುರಿಯುವುದು. ಐಸ್‌ಲ್ಯಾಂಡಿನವರು ಇದನ್ನೇ ಬಿಯರ್ ಮಗ್ ಹಿಡಿದು ಆಡುತ್ತಾರೆ. ನಮ್ಮಲ್ಲಿ ಮಕ್ಕಳೂ ಇರುವುದರಿಂದ ನೀರೇ ಸಾಕು. ಒಂದು ವಿಷಯ ಮಾತ್ರ ಗಟ್ಟಿ ಇಟ್ಟುಕೊಳ್ಳಬೇಕು. ಆಮೆ ವೇಗದಲ್ಲಿ ಹೋಗಿ ನೀರು ಉಳಿಸಿಕೊಳ್ಳುವ ಜಾಣರು ಎಲ್ಲ ಕಡೆ ಇರುತ್ತಾರೆ. ಗೊತ್ತಾದ ಹೊತ್ತಿನೊಳಗೆ ಒಂದು ಸುತ್ತು ಮುಗಿಸಬೇಕು ಅಂತ ನಿಯಮ ಹಾಕಿದರೆ ಆ ಆಟ ನಡೆಯುವುದಿಲ್ಲ.

ಇನ್ನೊಂದು ಪಾಸೊ ಫೀನೊದವರ ಹಲಗೆ. ರಿಂಗಿನ ನಡುವೆ ಮರದ ಹಲಗೆ ಹಾಸಿ ಕುದುರೆಯನ್ನು ಅದರ ಮೇಲೆ ನಡೆಸುತ್ತಾರೆ. ನಾಲ್ಕು ಗೊರಸಿನ ಸದ್ದು ಸಮವಾಗಿ ಟಕ-ಟಕ-ಟಕ-ಟಕ ಅಂತ ಬರಬೇಕು. ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಬಿದ್ದರೆ ನಾಲ್ಕು ಸದ್ದು ಎರಡಾಗುತ್ತದೆ. ಕಣ್ಣು ಮುಚ್ಚಿ ಕೂತವರಿಗೂ ಗೊತ್ತಾಗುತ್ತದೆ. ಇದನ್ನು ಎಲ್ಲ ತಳಿಗೂ ತೆರೆದರೇನು? ಹೆಜ್ಜೆ ಉದ್ದವಾ ಗಿಡ್ಡವಾ ಅನ್ನುವುದು ಬೇಡ, ತಾಳ ತಪ್ಪದಿದ್ದರೆ ಸೈ. ಫಾಕ್ಸ್ ಟ್ರಾಟರ್‌ನ ತಾಳ ಬೇರೆ, ಅದು ಸಮವಲ್ಲ, ಕುಂಟುವ ತಾಳ. ಶುರುವಿಂದ ಕೊನೆತನಕ ಅದೇ ತಾಳ ಉಳಿದರೆ ಅದಕ್ಕೂ ಪೂರ್ತಿ ಅಂಕ. ಹಲಗೆ ಕಂಡು ಬೆಚ್ಚುವ ಕುದುರೆಗಳಿರುತ್ತವೆ, ಬೆಳಿಗ್ಗೆಯೇ ಹಾಸಿಟ್ಟು ಎಲ್ಲರಿಗೂ ಒಂದೆರಡು ಸಲ ನಡೆಸಿ ನೋಡಲು ಬಿಡಬೇಕು.

ಜಡ್ಜ್ ಕಣ್ಣಿಗೆ ಚೆಂದ ಕಂಡದ್ದಕ್ಕೇ ಬಹುಮಾನ ಅಂದರೆ ಏನಾಗುತ್ತದೆ ಅನ್ನುವುದು ಟೆನೆಸ್ಸೀಗೆ ಚೆನ್ನಾಗಿ ಗೊತ್ತು. ಮುಂಗಾಲು ಎತ್ತರಕ್ಕೆ ಎತ್ತುವ ವಾಕಿಂಗ್ ಕುದುರೆ ಗೆಲ್ಲತೊಡಗಿದಾಗ, ಕಾಲಿಗೆ ಉರಿ ಬರುವ ರಾಸಾಯನಿಕ ಹಚ್ಚಿ, ಸರಪಳಿ ಕಟ್ಟಿ, ನೋವಿಗೆ ಕಾಲೆತ್ತುವ ಹಾಗೆ ಮಾಡುವವರು ಹುಟ್ಟಿಕೊಂಡರು. ಅದನ್ನು ತಡೆಯಲು 1970ರಲ್ಲಿ ಕಾನೂನೇ ಬರಬೇಕಾಯಿತು. ನಮ್ಮ ಕಂಬಳವೂ ಸಾಚಾ ಅಂತ ಹೇಳಲಾರೆ. ಬೆತ್ತದ ಪೆಟ್ಟಿನ ವಿಷಯ ಕೋರ್ಟಿಗೆ ಹೋಯಿತು, ಕಂಬಳ ನಿಂತಿತು, ರಾಜ್ಯದ ತಿದ್ದುಪಡಿ ಬಂತು. ಕೊನೆಗೆ 2023ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿ ವೇಗದ ಆಸೆಗೆ ಬೆತ್ತ, ಇಲ್ಲಿ ಚೆಂದದ ಆಸೆಗೆ ಸರಪಳಿ. ಫನ್ ಶೋ ಪಟ್ಟಿಯ ಮೊದಲ ಸಾಲಿನಲ್ಲೇ ಮಾಮೂಲಿ ಲಾಳ ಅಥವಾ ಬರಿಗಾಲು ಮಾತ್ರ, ಗೊರಸಿನಡಿಯ ಪ್ಯಾಡ್ ಮತ್ತು ಸರಪಳಿ ಬೇಡ ಅಂತ ಬರೆಯಲೇಬೇಕು.

ಇಲ್ಲಿಯವರಿಂದ ನಮ್ಮೂರು ಕಲಿಯಬೇಕಾದದ್ದೂ ಇದೆ. ಕಂಬಳದಲ್ಲಿ ಚಿನ್ನದ ಪವನ್ ಸಿಗುವುದು ಗೆದ್ದ ಮೊದಲೆರಡು ಜೋಡಿಗೆ. ಉಳಿದವರು ಲಾರಿ ಹತ್ತಿ ಮನೆಗೆ. ಇಲ್ಲಿ ಆರನೆಯವರ ತನಕ ರಿಬ್ಬನ್ ಇದೆ. ನೀಲಿ ಮೊದಲನೆಯದು, ಆಮೇಲೆ ಕೆಂಪು, ಹಳದಿ, ಬಿಳಿ, ಗುಲಾಬಿ, ಹಸಿರು. ಪುಟ್ಟ ಮಕ್ಕಳಿಗೆ ಲೀಡ್‌ಲೈನ್ ಕ್ಲಾಸ್. ಮಗು ಮೇಲೆ ಕೂತಿರುತ್ತದೆ, ಅಪ್ಪನೋ ಅಮ್ಮನೋ ಹಗ್ಗ ಹಿಡಿದು ನಡೆಸುತ್ತಾರೆ. ಸಾಮಾನ್ಯವಾಗಿ ಎಲ್ಲ ಮಕ್ಕಳಿಗೂ ರಿಬ್ಬನ್ ಸಿಗುತ್ತದೆ. ಹೊಸ ಸವಾರರಿಗೆ ಬೇರೆ, ಹೊಸ ಕುದುರೆಗೆ ಬೇರೆ, ಐವತ್ತು ದಾಟಿದವರಿಗೆ ಬೇರೆ ಕ್ಲಾಸ್. ಈ ಕೊನೆಯದಕ್ಕೆ ನಮ್ಮಲ್ಲಿ ನೂಕುನುಗ್ಗಲು. ಸೊಂಟ, ಮಂಡಿ ನೋವಿನವರೇ ಗೇಟೆಡ್ ಕುದುರೆ ಹುಡುಕಿಕೊಂಡು ಬರುವುದಲ್ವಾ!

ಇನ್ನು ಕ್ಲಾಸುಗಳ ಸರದಿ. ಬ್ಯಾರಲ್ ಸುತ್ತುವ ಓಟ, ತೊಡೆಯಡಿ ಡಾಲರ್ ನೋಟು ಸಿಕ್ಕಿಸಿಕೊಂಡು ತಡಿಯಿಲ್ಲದೆ ಸವಾರಿ ಮಾಡುವ ಆಟ, ವೇಷ ಹಾಕುವ ಕ್ಲಾಸ್, ಇವೆಲ್ಲ ಇರಲಿ, ಜನ ಬರುವುದೇ ಅದಕ್ಕೆ. ಆದರೆ ಊಟದ ನಂತರ ಇಡಿ. ಒಮ್ಮೆ ಬ್ಯಾರಲ್ ಸುತ್ತಿ ಬಿಸಿಯಾದ ಕುದುರೆಗೆ ನಿಧಾನ ನಡಿ ಅಂದರೆ ಅದು ಕೇಳುವುದಿಲ್ಲ. ಲೋಟ, ಹಲಗೆ ಎರಡೂ ಬೆಳಗಿನ ಹೊತ್ತಿಗೇ ಮುಗಿಯಬೇಕು.

ಕ್ಲಬ್ಬಿನ ಹಿರಿಯರೊಬ್ಬರಿಗೆ ಇದು ಅಷ್ಟು ಹಿಡಿಸಿಲ್ಲ. ಲೋಟ ಹಿಡಿಯುವುದು ಮಕ್ಕಳಾಟ, ಕುದುರೆ ಅಳೆಯಲು ಪಳಗಿದ ಕಣ್ಣೇ ಬೇಕು ಅನ್ನುತ್ತಾರೆ. ವಾಕಿಂಗ್ ಕುದುರೆಗಳದೇ ಶೋ ಆದರೆ ಅವರ ಮಾತು ಒಪ್ಪುತ್ತೇನೆ. ಐದು ತಳಿ ಬಂದು ನಿಂತಾಗ ಒಪ್ಪುವುದಿಲ್ಲ. ಸದ್ಯಕ್ಕೆ ಪಟ್ಟಿಯಲ್ಲಿ ಜಡ್ಜ್ ನೋಡುವ ಕ್ಲಾಸುಗಳೂ ಇವೆ, ಲೋಟದ ಕ್ಲಾಸೂ ಇದೆ. ಹಲಗೆಯ ವಿಷಯ ಮುಂದಿನ ಮೀಟಿಂಗಿಗೆ ಬರುತ್ತದೆ. ದಪ್ಪ ಪ್ಲೈವುಡ್ ಯಾರ ಕೊಟ್ಟಿಗೆಯಲ್ಲಾದರೂ ಬಿದ್ದಿದೆಯಾ ಅಂತ ಈಗಲೇ ಕೇಳಿಟ್ಟಿದ್ದೇನೆ.