ಮೆಷಿನ್ನಿಗೆ ಚಿಕೋರಿ ಒಗ್ಗಲಿಲ್ಲ

ನ್ಯೂಜೆರ್ಸಿಯ ನಮ್ಮ ಮನೆಗೆ ಈ ಕಾಫಿ ಮೆಷಿನ್ ಬಂದದ್ದು ಪುಕ್ಕಟೆ. ಗೆಳತಿ ಊರು ಬಿಡುವಾಗ ಕೊಟ್ಟು ಹೋದಳು. ಆದರೆ ಒಂದೊಂದು ಲೋಟ ಕಾಫಿಗೂ ಒಂದೊಂದು ಪ್ಲಾಸ್ಟಿಕ್ ಪಾಡ್ (ಒಂದು ಲೋಟಕ್ಕಾಗುವಷ್ಟು ಕಾಫಿಪುಡಿ ತುಂಬಿದ ಪುಟ್ಟ ಡಬ್ಬಿ) ಕಸದ ಬುಟ್ಟಿಗೆ ಬೀಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಹಾಲಿನ ಕವರನ್ನೂ ತೊಳೆದು ಒಣಗಿಸುವ ಮನೆಯಲ್ಲಿ ಬೆಳೆದವಳು ನಾನು. ಕೆ-ಕಪ್ ಅನ್ನುವ ಈ ಪಾಡ್ ಕಂಡುಹಿಡಿದ ಜಾನ್ ಸಿಲ್ವನ್ ಅವರೇ, ಇದನ್ನು ಯಾಕಾದರೂ ಮಾಡಿದೆನೋ ಅಂತ ಒಮ್ಮೊಮ್ಮೆ ಬೇಜಾರಾಗುತ್ತದೆ ಅಂತ 2015ರಲ್ಲಿ ಹೇಳಿಕೊಂಡಿದ್ದರು. ಅವರ ಮನೆಯಲ್ಲಿ ಆ ಮೆಷಿನ್ನೇ ಇರಲಿಲ್ಲವಂತೆ!

ಸರಿ, ಮತ್ತೆ ಮತ್ತೆ ತುಂಬಿಸಿಕೊಳ್ಳುವ ಸ್ಟೀಲ್ ಜಾಲರಿಯ ಪಾಡ್ ತಂದೆ. ಊರಿಂದ ತಂದಿದ್ದ ಪುಡಿಯನ್ನು, ನೂರಕ್ಕೆ ಮೂವತ್ತು ಚಿಕೋರಿ ಇದ್ದದ್ದು, ಫಿಲ್ಟರ್‌ಗೆ ಒತ್ತುವ ಹಾಗೆ ಒತ್ತಿ ತುಂಬಿದೆ. ಮೆಷಿನ್ ಗುರ್ ಅಂತು, ಕೆಮ್ಮಿತು, ನಾಲ್ಕು ಹನಿ ಉದುರಿಸಿ ಮಿಕ್ಕಿದ್ದನ್ನೆಲ್ಲ ಪಕ್ಕದಿಂದ ಕಟ್ಟೆಯ ಮೇಲೆ ಹರಿಸಿತು. ತಪ್ಪು ನನ್ನದೇ. ನುಣ್ಣಗಿನ ಪುಡಿ, ಅದರಲ್ಲೂ ನೀರು ಸೋಕಿದರೆ ಮೆತ್ತಗಾಗುವ ಚಿಕೋರಿ, ಜಾಲರಿಯನ್ನು ಮುಚ್ಚಿಬಿಡುತ್ತದೆ. ನಮ್ಮ ಫಿಲ್ಟರ್‌ನಲ್ಲಿ ನೀರು ಕಾಲು ಗಂಟೆ ಕೂತು ಹನಿಹನಿಯಾಗಿ ಇಳಿಯುತ್ತದೆ, ಇಲ್ಲಿ ಅದಕ್ಕೆ ಒಂದು ನಿಮಿಷದ ಪುರುಸೊತ್ತೂ ಇಲ್ಲ.

ಈಗ ಚಿಕೋರಿ ಇಲ್ಲದ ಪೀಬೆರಿ ಬೀಜ ತಂದು ಮನೆಯಲ್ಲೇ ಪುಡಿ ಮಾಡುತ್ತೇನೆ. ಉಪ್ಪಿಟ್ಟಿನ ರವೆಗಿಂತ ಸಣ್ಣಗೆ, ಚಿರೋಟಿ ರವೆಗಿಂತ ತರಿಯಾಗಿ. ಸುಮಾರು 10 ಗ್ರಾಂ ಹಾಕಿ ಸುಮ್ನೆ ಒಮ್ಮೆ ತಟ್ಟಿದರೆ ಸಾಕು, ಒತ್ತಬಾರದು. ಮೊದಲು ಪಾಡ್ ಇಲ್ಲದೆ ಬರೀ ಬಿಸಿನೀರು ಬಿಟ್ಟುಕೊಂಡರೆ ಮೆಷಿನ್ನೂ ಬಿಸಿಯಾಗುತ್ತದೆ, ಲೋಟವೂ ಬಿಸಿಯಾಗುತ್ತದೆ. ಆಮೇಲೆ ಎಲ್ಲಕ್ಕಿಂತ ಚಿಕ್ಕ ಲೋಟದ ಗುಂಡಿ ಒತ್ತುವುದು. ಅದೂ ಸುಮಾರು 180 ಮಿಲಿಲೀಟರ್, ಹಾಲು ಬೆರೆಸುವವರಿಗೆ ಜಾಸ್ತಿಯೇ ಆಯಿತು.

ಮೊನ್ನೆ ಅಮ್ಮ ವಿಡಿಯೋ ಕಾಲ್‌ನಲ್ಲಿದ್ದಾಗ ನಾನು ಪಾಡ್‌ನೊಳಗೆ ಬೆರಳು ಹಾಕಿ ಚರಟ ಕೆರೆಯುತ್ತಿದ್ದೆ. "ಇಷ್ಟೆಲ್ಲ ಬಳಿದು ತೊಳೆಯೋದಿದ್ರೆ ಫಿಲ್ಟರ್ರೇ ಸಾಕಿತ್ತಲ್ವೇನೇ?" ಅಂದರು. ಸಾಕಿತ್ತು. ಶನಿವಾರ, ಭಾನುವಾರ ಫಿಲ್ಟರ್ರೇ ಇಡುತ್ತೇನೆ. ಆದರೆ ಬೆಳಿಗ್ಗೆ ಐದೂವರೆಗೆ ಒಬ್ಬಳೇ ಎದ್ದು ಆಫೀಸಿಗೆ ಓಡುವ ದಿನ ಕಾಲು ಗಂಟೆ ಎಲ್ಲಿಂದ ತರಲಿ?

ಅಂದ ಹಾಗೆ, ಆ ಜಾಸ್ತಿ ನೀರಿಗೂ ಒಂದು ಉಪಾಯ ಮಾಡಿಕೊಂಡಿದ್ದೇನೆ. ಮೊದಲು ಬೀಳುವುದೇ ಗಟ್ಟಿ, ಅಲ್ವಾ? ಅರ್ಧಕ್ಕೇ ನನ್ನ ಲೋಟ ಎಳೆದುಕೊಂಡು ಇನ್ನೊಂದು ಕಪ್ ಇಡುತ್ತೇನೆ. ಕೊನೆಗೆ ಬೀಳುವ ಆ ತಿಳಿ, ನಮ್ಮ ಯಜಮಾನರ ಬ್ಲ್ಯಾಕ್ ಕಾಫಿ. ಅವರು ಎದ್ದ ಮೇಲೆ ಬಿಸಿ ಮಾಡಿಕೊಂಡು, ಲೈಟಾಗಿ ಚೆನ್ನಾಗಿದೆ ಅಂತ ಕುಡಿಯುತ್ತಾರೆ. ನಾನೂ ಏನೂ ಹೇಳಲು ಹೋಗಿಲ್ಲ.